ತಲೆ ಬಾಚುವಾಗ ಬವಳಿ ಬಂದರೆ

(ಮಲ್ಪೆಯಲ್ಲಿ ಸೇರಿದ್ದ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಬಿತ್ತನೆ ಬೀಜ, ಗೊಬ್ಬರ, ತೆಂಗಿನ ರೋಗ, ದೋಣಿಯ ಸಾಲ ಮುಂತಾದ ವಿಷಯಗಳನ್ನು ಕುರಿತು ಇಂಥ ಸಭೆಗಳಲ್ಲಿ ನೀವು ಬೇಕಾದಷ್ಟು ಕೇಳಿದ್ದೀರಿ. ಇಂದು ನಾನು ಹೇಳಬೇಕೆಂದಿರುವುದು ಬಾಚಣಿಗೆಯ ವಿಷಯ. ಇದೇನು ಸಭೆಯಲ್ಲಿ ಮಾತಾಡುವ ಸಂಗತಿಯೇ ಎಂದು ಗಂಡಸರು ನಗಬಹುದು. ಆದರೆ ತಾಯಂದಿರು ನಗಲಾರರು. ಬೆಳಗ್ಗೆ ತಲೆ ಬಾಚಿಕೊಳ್ಳುತ್ತಾ ಕನ್ನಡಿಯ ಮುಂದೆ ನಿಂತ ಮಗಳು ಇದ್ದಕ್ಕಿದ್ದಂತೆ ಬಿಳಿಚಿಕೊಂಡು ಕುಸಿದು ಬಿದ್ದುದನ್ನು ನೋಡಿದ ಮನೆಗಳು ನಮ್ಮ ಊರುಗಳಲ್ಲಿ ಇವೆ. ಆ ಒಂದು ನಿಮಿಷದಲ್ಲಿ ಮನೆಯವರು ಏನು ಮಾಡುತ್ತಾರೆ, ಆಮೇಲೆ ಆ ಹುಡುಗಿಯನ್ನು ಕುರಿತು ಏನು ಹೇಳಿಕೊಳ್ಳುತ್ತಾರೆ ಎಂಬುದರ ಮೇಲೆ ಆಕೆಯ ಮುಂದಿನ ಬಾಳು ನಿಂತಿರುತ್ತದೆ. ಆದುದರಿಂದ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಆಗುವುದೇನು?

ಹತ್ತು ಹನ್ನೆರಡು ವರ್ಷದಿಂದ ಹಿಡಿದು ಮದುವೆಯ ವಯಸ್ಸಿನವರೆಗಿನ ಒಬ್ಬ ಹುಡುಗಿಯನ್ನು ಮನಸ್ಸಿಗೆ ತಂದುಕೊಳ್ಳಿ. ರಾತ್ರಿ ಎಂಟು ಗಂಟೆಗೆ ಉಂಡು ಮಲಗಿದವಳು ಬೆಳಗ್ಗೆ ಆರಕ್ಕೆ ಎದ್ದಿದ್ದಾಳೆ. ಈ ಹತ್ತು ಗಂಟೆಗಳಲ್ಲಿ ಹೊಟ್ಟೆಗೆ ಒಂದು ಗುಟುಕು ನೀರೂ ಬಿದ್ದಿಲ್ಲ. ಬಚ್ಚಲು ಮನೆಯ ಹಂಡೆಯಿಂದ ಬಿಸಿ ಬಿಸಿ ನೀರು ತೋಡಿಕೊಂಡು ಮಿಂದು ಬಂದಿದ್ದಾಳೆ. ಉಡುಪಿಗೆ ಹೋಗುವ ಬಸ್ಸಿಗೆ ಹೊತ್ತಾಯಿತು. ಗೋಡೆಯ ಮೇಲೆ ಎತ್ತರದಲ್ಲಿ ತೂಗಿದ ಕನ್ನಡಿಯ ಮುಂದೆ ನೆಟ್ಟಗೆ ನಿಂತು, ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿ, ಸಿಕ್ಕು ಬಿಡಿಸಿ, ಬೈತಲೆ ತೆಗೆದು, ಜಡೆ ಹೆಣೆಯಲು ತೊಡಗುತ್ತಾಳೆ. ಐದಾರು ನಿಮಿಷವಾಗುವಷ್ಟರಲ್ಲಿ ಮೈ ಬೆವರುತ್ತದೆ. ಹೊಟ್ಟೆ ತೊಳಸುತ್ತದೆ. ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಕಣ್ಣು ಕತ್ತಲೆ ಬರುತ್ತದೆ. ‘ಅಮ್ಮಾ’ ಎನ್ನುವಷ್ಟರಲ್ಲಿ ಬಿದ್ದಿರುತ್ತಾಳೆ.

ಮುಂಜಾನೆ ಬರಿಯ ಒಂದು ಲೋಟ ಚಹಾ ಕುಡಿದು, ತುರುಬು ಕಟ್ಟಿ, ಬಂದರಿನ ಮೀನು ಹರಾಜಿಗೆ ಓಡುವ ಹೆಂಗಸರಿಗೂ ಇದು ಆಗಬಹುದು. ಗಂಡು ಹುಡುಗರಿಗೂ ಬಿಟ್ಟಿದ್ದಲ್ಲ. ಅವರಿಗೆ ಸಾಮಾನ್ಯವಾಗಿ ಕ್ಷೌರದಂಗಡಿಯಲ್ಲಿ ಕೂದಲು ಕತ್ತರಿಸುವಾಗ ಆಗುತ್ತದೆ. ಇದು ನಮ್ಮ ಕರಾವಳಿಗೆ ಮಾತ್ರ ಇರುವ ಸಂಗತಿಯೂ ಅಲ್ಲ. ಹೊರದೇಶಗಳ ಮಕ್ಕಳ ವೈದ್ಯರೂ ಇದನ್ನು ಗಮನಿಸಿ ಬರೆದಿಟ್ಟಿದ್ದಾರೆ.

ಏಕೆ ಆಗುತ್ತದೆ?

ನೀವು ಬೇಸಾಯಗಾರರು, ನಿಮಗೆ ಇದನ್ನು ತಿಳಿಸುವುದು ಸುಲಭ. ನಮ್ಮಲ್ಲಿ ಬೆಟ್ಟುಗದ್ದೆ, ಮಜಲುಗದ್ದೆ, ಬೈಲುಗದ್ದೆ ಎಂದು ಮೂರು ಬಗೆಯ ಗದ್ದೆಗಳಿವೆ. ನೀರು ತಾನಾಗಿ ಬೈಲಿಗೆ ಇಳಿಯುತ್ತದೆ. ಬೆಟ್ಟುಗದ್ದೆಗೆ ನೀರು ಬೇಕಾದರೆ ಏತದಿಂದಲೋ ಪಂಪಿನಿಂದಲೋ ಏರಿಸಬೇಕು. ಮನುಷ್ಯ ನಿಂತಾಗ ಕಾಲು ಮತ್ತು ಹೊಟ್ಟೆ ಬೈಲುಗದ್ದೆಯಾದರೆ ತಲೆಯೇ ಬೆಟ್ಟುಗದ್ದೆ. ನಾವು ಎದ್ದು ನಿಂತ ಕೂಡಲೆ ಸುಮಾರು ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಕೆಳಗಿನ ಭಾಗಕ್ಕೆ ಇಳಿಯುತ್ತದೆ. ಹೃದಯವೆಂಬ ಪಂಪು ಸ್ವಲ್ಪ ಬೇಗ ಬೇಗ ಹೊಡೆದು, ರಕ್ತನಾಳಗಳು ಬಿಗಿದುಕೊಂಡು, ತಲೆಗೆ ರಕ್ತ ಏರುವಂತೆ ನೋಡಿಕೊಳ್ಳುತ್ತವೆ. ಸಾಮಾನ್ಯವಾಗಿ ಇದು ನಮ್ಮ ಗಮನಕ್ಕೇ ಬರುವುದಿಲ್ಲ.

ಆದರೆ ಬೆಳಗಿನ ಆ ಹೊತ್ತಿನಲ್ಲಿ ಹಲವು ಕಾರಣಗಳು ಒಟ್ಟಿಗೆ ಸೇರುತ್ತವೆ. ರಾತ್ರಿಯೆಲ್ಲಾ ನೀರು ಕುಡಿಯದೆ ಮೈಯಲ್ಲಿ ದ್ರವ ಕಡಿಮೆಯಾಗಿದೆ. ಬಿಸಿನೀರಿನ ಸ್ನಾನದಿಂದ ಚರ್ಮದ ರಕ್ತನಾಳಗಳು ಹಿಗ್ಗಿ, ರಕ್ತ ಅತ್ತ ಹರಿದಿದೆ. ಕರಾವಳಿಯ ಸೆಕೆಯಲ್ಲಿ ಬೆವರು ಬೇರೆ ಸುರಿಯುತ್ತಿದೆ. ಕದಲದೆ ಒಂದೇ ಕಡೆ ನಿಂತಿರುವುದರಿಂದ ರಕ್ತವನ್ನು ಮೇಲಕ್ಕೆ ಒತ್ತುವ ಮೀನಖಂಡದ ಸ್ನಾಯುಗಳು ಕೆಲಸ ಮಾಡುತ್ತಿಲ್ಲ. ಇದರ ಮೇಲೆ ಸಿಕ್ಕುಗಟ್ಟಿದ ಕೂದಲನ್ನು ಎಳೆದಾಗ ನೆತ್ತಿಯ ನರಗಳು ಕೆರಳುತ್ತವೆ. ಆಗ ಕೆಲವರ ಮೈ ತಪ್ಪು ದಾರಿ ಹಿಡಿಯುತ್ತದೆ: ಹೃದಯದ ಬಡಿತ ವೇಗವಾಗುವ ಬದಲು ನಿಧಾನವಾಗುತ್ತದೆ, ಬಿಗಿಯಬೇಕಾದ ರಕ್ತನಾಳಗಳು ಸಡಿಲುತ್ತವೆ. ಬೆಟ್ಟುಗದ್ದೆಗೆ ನೀರು ನಿಂತುಹೋಗುತ್ತದೆ. ಪ್ರಜ್ಞೆ ತಪ್ಪುತ್ತದೆ.

ಈ ಬಗೆಯ ಬವಳಿಯನ್ನು ವೈದ್ಯರು ‘ವೇಸೋವೇಗಲ್’ ಎಂದು ಕರೆಯುತ್ತಾರೆ. ಸರ್ ಥಾಮಸ್ ಲೂಯಿಸ್ ಎಂಬ ಬ್ರಿಟನ್ನಿನ ಹೃದಯ ವೈದ್ಯರು 1932ರಲ್ಲಿ ಇದನ್ನು ಕುರಿತು ಮಾಡಿದ ಉಪನ್ಯಾಸದಿಂದ ಈ ಹೆಸರು ಎಲ್ಲೆಡೆ ಬಳಕೆಗೆ ಬಂತು. ಹೆಸರು ಹೇಗೇ ಇರಲಿ, ನೀವು ನೆನಪಿಡಬೇಕಾದುದು ಇಷ್ಟು: ಬಿದ್ದ ಕೂಡಲೆ ತಲೆಯೂ ಕಾಲೂ ಒಂದೇ ಮಟ್ಟಕ್ಕೆ ಬರುತ್ತವೆ, ರಕ್ತ ತಲೆಗೆ ಹರಿಯುತ್ತದೆ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಎಚ್ಚರವಾಗುತ್ತದೆ. ಬೀಳುವುದೇ ದೇಹ ಮಾಡಿಕೊಳ್ಳುವ ಚಿಕಿತ್ಸೆ ಎನ್ನಬಹುದು. ಹೆಚ್ಚಿನವರಲ್ಲಿ ಅಪಾಯವಿರುವುದು ಬವಳಿಯಲ್ಲಲ್ಲ, ಬೀಳುವ ಜಾಗದಲ್ಲಿ. ಒರಳುಕಲ್ಲು, ಮೆಟ್ಟಿಲು, ಉರಿಯುವ ಒಲೆ, ಬಾವಿಕಟ್ಟೆ, ಇವುಗಳ ಬಳಿ ಬಿದ್ದರೆ ಗತಿಯೇನು?

ಗಾಳಿಯೂ ಅಲ್ಲ, ಅಪಸ್ಮಾರವೂ ಅಲ್ಲ

ಕೂದಲು ಬಿಚ್ಚಿಕೊಂಡ ಹುಡುಗಿ ಬಿದ್ದಳೆಂದರೆ ‘ಗಾಳಿ ಸೋಂಕಿತು’ ಎನ್ನುವವರು ಇಂದಿಗೂ ಇದ್ದಾರೆ. ಕೈಗೆ ಕಬ್ಬಿಣದ ಬೀಗದ ಕೈ ಕೊಡುತ್ತಾರೆ. ಮೂಗಿಗೆ ಈರುಳ್ಳಿಯನ್ನೋ ಚಪ್ಪಲಿಯನ್ನೋ ಹಿಡಿಯುತ್ತಾರೆ. ಅಷ್ಟರಲ್ಲಿ ಹುಡುಗಿ ಕಣ್ಣು ಬಿಡುತ್ತಾಳೆ. ಬೀಗದ ಕೈಗೆ ಹೆಸರು ಬರುತ್ತದೆ. ವಿಚಾರ ಮಾಡಿ ನೋಡಿ: ಅರ್ಧ ನಿಮಿಷದಲ್ಲಿ ತಾನಾಗಿ ಎಚ್ಚರವಾಗುವವಳ ಕೈಗೆ ಏನು ಕೊಟ್ಟರೂ ಅದೇ ಮದ್ದಾಗಿ ಕಾಣುವುದಿಲ್ಲವೇ? ದೈವಕ್ಕೆ ಹರಕೆ ಹೇಳಿಕೊಳ್ಳುವವರು ಹೇಳಿಕೊಳ್ಳಲಿ. ಅದು ಅವರವರ ನಂಬಿಕೆ. ಆದರೆ ಮೊದಲು ಹುಡುಗಿಯನ್ನು ಮಲಗಿಸಿರಿ. ಆಮೇಲೆ ವೈದ್ಯರಿಗೆ ತೋರಿಸಿರಿ.

ಇನ್ನು ಕೆಲವರು ‘ಇದು ಅಪಸ್ಮಾರ, ಫಿಟ್ಸು’ ಎಂದುಬಿಡುತ್ತಾರೆ. ಬವಳಿ ಬಂದಾಗಲೂ ಕೈಕಾಲು ಕೆಲವು ಸೆಕೆಂಡು ಅದುರಬಹುದು. ಅದನ್ನು ಕಂಡು ಹೆದರಿ, ಹೊರಗೆ ತಿಳಿದರೆ ಮದುವೆ ನಿಂತೀತೆಂದು ಮುಚ್ಚಿಟ್ಟು, ಹುಡುಗಿಯನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸುವವರಿದ್ದಾರೆ. ಇದು ದೊಡ್ಡ ಅನ್ಯಾಯ. ಅಪಸ್ಮಾರವೇ ಆಗಿದ್ದರೂ ಅದಕ್ಕೆ ಒಳ್ಳೆಯ ಮದ್ದಿದೆ; ಅದು ನಾಚಿಕೆಪಡುವ ರೋಗವಲ್ಲ. ಆದರೆ ಇಲ್ಲದ ರೋಗಕ್ಕೆ ವರ್ಷಗಟ್ಟಲೆ ಗುಳಿಗೆ ನುಂಗುವುದೂ ಸಲ್ಲದು.

ಎರಡಕ್ಕೂ ಇರುವ ವ್ಯತ್ಯಾಸವನ್ನು ಕಣ್ಣಾರೆ ನೋಡಿದವರೇ ವೈದ್ಯರಿಗೆ ಹೇಳಬೇಕು. ಬವಳಿಯಲ್ಲಿ ಮೊದಲು ಬೆವರು, ಹೊಟ್ಟೆ ತೊಳಸು, ಕಣ್ಣು ಕತ್ತಲೆ ಇರುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ಬೇಗ ಎಚ್ಚರವಾಗಿ ಎದುರಿಗಿರುವವರ ಗುರುತು ಹಿಡಿಯುತ್ತಾರೆ. ಅಪಸ್ಮಾರದಲ್ಲಿ ಸೆಟೆತ ಮತ್ತು ಅದುರುವಿಕೆ ಹೆಚ್ಚು ಹೊತ್ತು ಇರುತ್ತದೆ. ನಾಲಗೆಯ ಬದಿ ಕಚ್ಚಿ ಗಾಯವಾಗಬಹುದು. ಎಚ್ಚರವಾದ ಮೇಲೂ ಬಹಳ ಹೊತ್ತು ಮಂಕು ಕವಿದಿರುತ್ತದೆ. ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ ಎಂಬುದನ್ನು ಗಡಿಯಾರ ನೋಡಿ ಗುರುತಿಟ್ಟುಕೊಳ್ಳಿ. ಕೈಯಲ್ಲಿ ಮೊಬೈಲು ಇದ್ದವರು ಒಂದಿಷ್ಟು ಚಿತ್ರ ಹಿಡಿದಿಟ್ಟುಕೊಂಡರೆ ವೈದ್ಯರಿಗೆ ಬಹಳ ಉಪಯೋಗವಾಗುತ್ತದೆ.

ಆ ಗಳಿಗೆಯಲ್ಲಿ ಮಾಡಬೇಕಾದುದು

ಕಣ್ಣು ಕತ್ತಲೆ ಬರುವಂತೆ ತೋರಿದರೆ, ತಂಗಿಯರೇ, ‘ಇನ್ನೊಂದೇ ಹೆಣಿಕೆ, ಮುಗಿಸಿಬಿಡುತ್ತೇನೆ’ ಎನ್ನಬೇಡಿ. ಬಾಚಣಿಗೆ ಬಿಟ್ಟು, ಕೈ ಇಳಿಸಿ, ನಿಂತಲ್ಲೇ ಕೂತುಬಿಡಿ. ಆದರೆ ಮಲಗಿಬಿಡಿ. ಮಲಗಲು ಜಾಗವಿಲ್ಲದಿದ್ದರೆ ನೇಜಿ ನೆಡುವಾಗ ಅಂಚಿನಲ್ಲಿ ದಣಿವಾರಿಸಿಕೊಳ್ಳಲು ಕೂರುವಂತೆ ಕುಕ್ಕರಗಾಲಿನಲ್ಲಿ ಕೂತುಕೊಳ್ಳಿ. ಹಾಗೆ ಕೂತರೆ ಕಾಲಿನ ರಕ್ತ ಮೇಲಕ್ಕೆ ಒತ್ತಲ್ಪಡುತ್ತದೆ. ಬಸ್ಸಿನಲ್ಲೋ ಸಾಲಿನಲ್ಲೋ ನಿಂತಿದ್ದು ಕೂರಲು ಆಗದಿದ್ದರೆ ಒಂದು ಕಾಲಿನ ಮೇಲೆ ಇನ್ನೊಂದನ್ನು ಕತ್ತರಿಯಂತೆ ಇಟ್ಟು, ತೊಡೆಗಳನ್ನು ಬಿಗಿಹಿಡಿದು, ಮುಷ್ಟಿ ಕಟ್ಟಿರಿ. ಇದರಿಂದ ಬೀಳುವುದು ಎಷ್ಟೋ ಸಲ ತಪ್ಪುತ್ತದೆ.

ಬಿದ್ದವರ ಬಳಿ ಇರುವವರು ಮಾಡಬೇಕಾದುದು ಸುಲಭ. ಅಂಗಾತ ಮಲಗಿಸಿ, ಕಾಲುಗಳನ್ನು ಒಂದು ಮಣೆಯ ಮೇಲೋ ದಿಂಬಿನ ಮೇಲೋ ಎತ್ತಿ ಇಡಿ. ಕುತ್ತಿಗೆಯ ಬಳಿಯ ಬಟ್ಟೆ ಸಡಿಲಿಸಿ. ಸುತ್ತ ಮುತ್ತಿಕೊಂಡ ಜನರನ್ನು ದೂರ ಸರಿಸಿ ಗಾಳಿಯಾಡಲು ಬಿಡಿ. ವಾಂತಿ ಬಂದರೆ ಮಗ್ಗುಲಿಗೆ ಹೊರಳಿಸಿ.

ಮಾಡಬಾರದ್ದು ಮೂರು. ಒಂದು, ಎತ್ತಿ ಕುರ್ಚಿಯಲ್ಲಿ ಕೂರಿಸಬೇಡಿ. ಬೆಟ್ಟುಗದ್ದೆಗೆ ಹರಿಯತೊಡಗಿದ ನೀರನ್ನು ಮತ್ತೆ ಕಟ್ಟಿದಂತಾಗುತ್ತದೆ. ಎರಡು, ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಚಹಾ, ಸಕ್ಕರೆ ಏನನ್ನೂ ಹಾಕಬೇಡಿ. ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಅಪಾಯವಾದೀತು. ಮೂರು, ಎಚ್ಚರವಾದ ಕೂಡಲೆ ಎಬ್ಬಿಸಿ ನಡೆಸಬೇಡಿ; ಹತ್ತು ಹದಿನೈದು ನಿಮಿಷ ಮಲಗಿದ್ದು, ಆಮೇಲೆ ಕೂತು, ನಂತರ ಏಳಲಿ. ಒಂದು ನಿಮಿಷ ಕಳೆದರೂ ಎಚ್ಚರವಾಗದಿದ್ದರೆ 108ಕ್ಕೆ ಕರೆ ಮಾಡಿ. ಕರೆದರೂ ಮಿಸುಕದೆ, ಉಸಿರಾಟ ಸರಿಯಾಗಿ ಕಾಣದಿದ್ದರೆ ಅಷ್ಟೂ ಕಾಯದೆ ಕೂಡಲೆ ಕರೆಯಿರಿ.

ಬಾರದಂತೆ ತಡೆಯುವುದು ಹೇಗೆ?

ಇದಕ್ಕೆ ಹಣ ಬೇಕಾಗಿಲ್ಲ. ಮನೆಯ ಕ್ರಮ ಸ್ವಲ್ಪ ಬದಲಾದರೆ ಸಾಕು.

1. ಎದ್ದ ಕೂಡಲೆ ದೊಡ್ಡ ಎರಡು ಲೋಟ ನೀರು ಕುಡಿಯಿರಿ.

2. ತಲೆ ಬಾಚುವ ಮೊದಲು ಏನಾದರೂ ತಿನ್ನಿರಿ. ನಮ್ಮ ಕುಚ್ಚಲಕ್ಕಿ ಗಂಜಿಗಿಂತ ಒಳ್ಳೆಯದು ಇದಕ್ಕೆ ಬೇರೊಂದಿಲ್ಲ. ತಿಳಿಯೊಂದಿಗೆ ಉಪ್ಪು ಹಾಕಿ ಕುಡಿದ ಗಂಜಿಯಲ್ಲಿ ನೀರೂ ಇದೆ, ಉಪ್ಪೂ ಇದೆ, ಅನ್ನವೂ ಇದೆ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಉಪ್ಪಿನ ವಿಷಯದಲ್ಲಿ ವೈದ್ಯರು ಹೇಳಿದಂತೆ ನಡೆಯಬೇಕು.

3. ತೀರಾ ಬಿಸಿನೀರು ಬೇಡ. ಸ್ನಾನದಿಂದ ಬಂದು ಸ್ವಲ್ಪ ಹೊತ್ತು ಗಾಳಿಯಲ್ಲಿ ಕೂತು ಮೈ ತಣಿದ ಮೇಲೆ ಬಾಚಿಕೊಳ್ಳಿ. ದೀಪಾವಳಿಯ ಎಣ್ಣೆಸ್ನಾನದ ದಿನ ಇದನ್ನು ಮುಖ್ಯವಾಗಿ ನೆನಪಿಡಿ.

4. ಕೂತು ಬಾಚಿಕೊಳ್ಳಿ. ನಮ್ಮ ಅಜ್ಜಿಯಂದಿರು ಚಾವಡಿಯಲ್ಲಿ ಮಣೆ ಹಾಕಿಕೊಂಡು ಕೂತು ತಲೆ ಬಾಚುತ್ತಿದ್ದರು. ಮಕ್ಕಳನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿಕೊಂಡು ಜಡೆ ಹಾಕುತ್ತಿದ್ದರು. ಗೋಡೆಯ ಎತ್ತರಕ್ಕೆ ಕನ್ನಡಿ ಏರಿದ ಮೇಲೆ ನಾವೂ ನಿಂತೆವು.

5. ಉದ್ದ ಕೂದಲನ್ನು ತುದಿಯಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಡಿಸಿ, ಬುಡದಿಂದ ಜಗ್ಗಬೇಡಿ. ನಡುನಡುವೆ ಕೈ ಇಳಿಸಿ ವಿಶ್ರಾಂತಿ ಕೊಡಿ. ಮಲ್ಲಿಗೆ ಮುಡಿಯುವುದಿದ್ದರೆ ಕೂತೇ ಮುಡಿಯಿರಿ.

ರಕ್ತ ಕಡಿಮೆಯಾಗಿದ್ದರೆ

ಮೇಲೆ ಹೇಳಿದ ಕಾರಣಗಳ ಜೊತೆಗೆ ಮೈಯಲ್ಲಿ ರಕ್ತವೇ ತೆಳುವಾಗಿದ್ದರೆ ತಲೆ ತಿರುಗುವುದೂ ಸುಸ್ತಾಗುವುದೂ ಮತ್ತಷ್ಟು ಸುಲಭ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಎತ್ತಿಗೆ ಮೇವು ಕಡಿಮೆಯಾದರೆ ನೀವು ಒಂದೇ ನೋಟಕ್ಕೆ ಹೇಳಬಲ್ಲಿರಿ; ಮನೆಯ ಹೆಂಗಸಿನ ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿರುವುದನ್ನು ಎಂದಾದರೂ ನೋಡಿದ್ದೀರಾ?

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ವಯಸ್ಸಿಗೆ ಬಂದ ಹೆಂಗಸಿಗೆ ಅದು 12 ಗ್ರಾಂ, ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆ ಇರಬಾರದು. ಶಾಲೆಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಗುಳಿಗೆಯನ್ನು ಉಚಿತವಾಗಿ ಕೊಡುವ ಕಾರ್ಯಕ್ರಮವಿದೆ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಅದನ್ನು ಬಿಸಾಡುವ ಮಕ್ಕಳಿದ್ದಾರೆ. ಮಲ ಕಪ್ಪಾಗುವುದು ಆ ಗುಳಿಗೆಯ ಸಹಜ ಗುಣ. ಊಟದ ನಂತರ ನುಂಗಿದರೆ ಹೊಟ್ಟೆಯ ತೊಂದರೆ ಕಡಿಮೆ.

ಊಟದಲ್ಲಿ ಹರಿವೆ ಸೊಪ್ಪು, ಬಸಳೆ, ಹುರುಳಿ ಇರಲಿ. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ, ಮರುವಾಯಿ ನಮ್ಮ ತೀರದಲ್ಲಿಯೇ ಸಿಗುತ್ತವೆ. ಮರುವಾಯಿಯಲ್ಲಿ ಕಬ್ಬಿಣಾಂಶ ಹೇರಳವಾಗಿದೆ. ಹಿಡಿದು ಮಾರುವ ಮನೆಯವರೇ ತಿನ್ನದೆ ಎಲ್ಲವನ್ನೂ ಪೇಟೆಗೆ ಕಳಿಸಬಾರದು. ನೆಲ್ಲಿಕಾಯಿ, ಲಿಂಬೆಹುಳಿ ಜೊತೆಗಿದ್ದರೆ ಸೊಪ್ಪು ಬೇಳೆಗಳ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಯಲ್ಲೇ ಚಹಾ ಕುಡಿದರೆ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಗದ್ದೆಯಲ್ಲಿ ದುಡಿಯುವವರಿಗೆ ಇನ್ನೊಂದು ಮಾತು. ಕೊಕ್ಕೆಹುಳು ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮವನ್ನು ಕೊರೆದು ಮೈಯನ್ನು ಹೊಗುತ್ತದೆ. ಕರುಳಿನಲ್ಲಿ ಕೂತು ದಿನವೂ ರಕ್ತ ಹೀರುತ್ತದೆ. ಬಯಲಿನಲ್ಲಿ ಮಲವಿಸರ್ಜನೆ ಮಾಡದಿರುವುದು, ತೋಟ ಹಿತ್ತಲುಗಳಲ್ಲಿ ಚಪ್ಪಲಿ ಮೆಟ್ಟುವುದು, ಶಾಲೆ ಅಂಗನವಾಡಿಗಳಲ್ಲಿ ಕೊಡುವ ಜಂತುಹುಳದ ಗುಳಿಗೆಯನ್ನು ಮಕ್ಕಳಿಗೆ ತಪ್ಪದೆ ಕೊಡಿಸುವುದು, ಇವೂ ಬವಳಿಗೆ ಮದ್ದೇ.

ಯಾವಾಗ ಉಪೇಕ್ಷೆ ಮಾಡಬಾರದು?

ಒಮ್ಮೆ ಬಿದ್ದವರನ್ನೂ ವೈದ್ಯರಿಗೆ ತೋರಿಸುವುದು ಲೇಸು. ಆದರೆ ಈ ಕೆಳಗಿನ ಲಕ್ಷಣಗಳಲ್ಲಿ ಒಂದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು:

ಓಡುವಾಗ, ಈಜುವಾಗ, ಭಾರ ಹೊರುವಾಗ ಪ್ರಜ್ಞೆ ತಪ್ಪುವುದು, ಮಲಗಿದ್ದಾಗಲೇ ತಪ್ಪುವುದು, ಯಾವ ಮುನ್ಸೂಚನೆಯೂ ಇಲ್ಲದೆ ಬೀಳುವುದು, ಬೀಳುವ ಮುಂಚೆ ಎದೆನೋವು ಅಥವಾ ಎದೆ ಡವಡವ ಹೊಡೆದುಕೊಳ್ಳುವುದು, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿರುವುದು. ಇವು ಹೃದಯದ ತೊಂದರೆಯ ಗುರುತುಗಳಾಗಿರಬಹುದು. ಇ.ಸಿ.ಜಿ. ಎಂಬ ಪರೀಕ್ಷೆಯಿಂದ ಎಷ್ಟೋ ಸಂಗತಿ ತಿಳಿಯುತ್ತದೆ. ಅದರಲ್ಲಿ ನೋವೇನೂ ಇಲ್ಲ. ಗರ್ಭಿಣಿಯರು, ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವವಾಗುವವರು, ಬಿದ್ದು ತಲೆಗೆ ಪೆಟ್ಟಾದವರು ಕೂಡ ಕಾಯಬಾರದು. ಬಾಯಿ ಸೊಟ್ಟಗಾಗುವುದು, ಒಂದು ಕೈಯಲ್ಲಿ ಬಲವಿಲ್ಲದಿರುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣ. ಆಗ ಒಂದೊಂದು ನಿಮಿಷವೂ ಅಮೂಲ್ಯ.

ವಯಸ್ಸಾದವರ ವಿಷಯವೇ ಬೇರೆ. ರಕ್ತದೊತ್ತಡದ ಗುಳಿಗೆಯಿಂದಾಗಲಿ, ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಉಪವಾಸವಿರುವುದರಿಂದಾಗಲಿ ಅವರಿಗೆ ತಲೆ ತಿರುಗಬಹುದು. ಕಣ್ಣು ಕತ್ತಲೆ ಬಾರದೆ, ತಲೆ ಮೇಲೆತ್ತಿದಾಗ ಅಥವಾ ಹೊರಳಿಸಿದಾಗ ಮನೆಯೇ ಗಿರ್ರನೆ ಸುತ್ತಿದಂತಾದರೆ ಅದು ಹೆಚ್ಚಾಗಿ ಒಳಕಿವಿಯ ದೋಷ. ಅದಕ್ಕೆ ಬೇರೆ ಚಿಕಿತ್ಸೆ ಇದೆ. ಕ್ಷೌರದ ನಂತರ ಕುತ್ತಿಗೆಯನ್ನು ಬಲವಾಗಿ ತಿರುಚಿ ನೆಟಿಗೆ ತೆಗೆಸಿಕೊಳ್ಳುವ ಗಂಡಸರು ಆ ಅಭ್ಯಾಸವನ್ನು ಬಿಟ್ಟುಬಿಡಬೇಕು. ಮಿದುಳಿಗೆ ಹೋಗುವ ರಕ್ತನಾಳಕ್ಕೆ ಅದರಿಂದ ಏಟಾಗುವುದುಂಟು.

ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿ ಮಿಂದು ತಲೆನೋವು, ತಲೆ ತಿರುಗುವಿಕೆ ಬಂದರೆ ಅದು ಬವಳಿಯಲ್ಲ, ವಿಷಗಾಳಿ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಕೂಡಲೆ ಬಾಗಿಲು ತೆರೆದು ಹೊರಗೆ ತಂದು ಆಸ್ಪತ್ರೆಗೆ ಒಯ್ಯಿರಿ.

ಕೊನೆಯ ಮಾತು

ನಮ್ಮ ಪಕ್ಕದ ಮಣಿಪಾಲದಲ್ಲಿ 1953ರಿಂದಲೂ ವೈದ್ಯಕೀಯ ಕಾಲೇಜು ಇದೆ. ಉಡುಪಿಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಆಶಾ ಕಾರ್ಯಕರ್ತೆ ಮನೆಯ ಬಾಗಿಲಿಗೇ ಬರುತ್ತಾರೆ. ವೈದ್ಯರಿಗೆ ಕೊರತೆಯಿಲ್ಲದ ಊರಿನಲ್ಲಿ ಒಂದು ಹುಡುಗಿಯ ಶಾಲೆ ಬೀಗದ ಕೈಯಿಂದ ನಿಲ್ಲಬಾರದು. ಬಿದ್ದವಳನ್ನು ಬೈಯಬೇಡಿ, ‘ಶಾಲೆ ತಪ್ಪಿಸಲು ನಾಟಕ’ ಎನ್ನಬೇಡಿ, ನೆರೆಮನೆಯಲ್ಲಿ ಗುಸುಗುಸು ಮಾಡಬೇಡಿ.

ಗಂಡಸರಿಗೆ ನನ್ನದೊಂದು ಕೋರಿಕೆ. ಈ ಸಭೆ ಮುಗಿಸಿ ಮನೆಗೆ ಹೋದವರು ಒಂದು ಸುತ್ತಿಗೆ, ಒಂದು ಮೊಳೆ ತೆಗೆದುಕೊಳ್ಳಿ. ಗೋಡೆಯ ಕನ್ನಡಿಯನ್ನು ಕೂತವರ ಮುಖ ಕಾಣುವಷ್ಟು ಕೆಳಗಿಳಿಸಿ. ಅದರ ಮುಂದೆ ಒಂದು ಮಣೆ ಇಡಿ. ಒಲೆಯೂ ಒರಳುಕಲ್ಲೂ ಅದರ ಹತ್ತಿರ ಇರದಂತೆ ನೋಡಿಕೊಳ್ಳಿ. ಬೆಳಗ್ಗೆ ಮಗಳು ಬಾಚಣಿಗೆ ಹಿಡಿಯುವ ಮೊದಲು ‘ಗಂಜಿ ಕುಡಿದೆಯಾ ಮಗಾ?’ ಎಂದು ಕೇಳಿ. ಇಷ್ಟನ್ನು ಮಾಡಿದರೆ ನಾನು ಇಲ್ಲಿಗೆ ಬಂದು ಮಾತಾಡಿದ್ದು ಸಾರ್ಥಕವಾಯಿತೆಂದು ತಿಳಿಯುತ್ತೇನೆ.